ಹಿಂದಿನ ಗಾಲಿಯ ಕೆರವು

ಬೈಲಹೊಂಗಲ, ೧೦ ಜೂನ್ ೧೯೧೧, ಶನಿವಾರ

ಇಂದು ನನ್ನ ಮೋಟಾರು ಕಾರಿನ ಬಲ ಮೂವತ್ತೆರಡು. ಒಳಗೆ ಮೂವತ್ತು ಕುದುರೆ, ಮುಂದೆ ಎರಡು ಎತ್ತು. ಕುದುರೆಗಳು ಕೆನೆದವು. ಎಳೆದದ್ದು ಎತ್ತು.

ಮಿರಗದ ಮಳೆ ಎರಡು ದಿನ ಹೊಡೆದು ನಿಂತಿತ್ತು. ಕಿತ್ತೂರಿನ ಜಲ್ಲಿ ಬಡಿದ ಖಡಿ ರಸ್ತೆಯ ಮೇಲೆ ಬಾಣದ ಹಾಗೆ ಓಡುವ ಕಾರು ಮುನವಳ್ಳಿ ದಾರಿಗೆ ಹೊರಳಿ ಎರೆ ಮಣ್ಣು ಮುಟ್ಟಿದ್ದೇ ತಡ, ಹಿಂದಿನ ಗಾಲಿಗಳು ಇದ್ದಲ್ಲೇ ಗರಗರ ತಿರುಗಿದವು. ಗಾಡಿ ಅಡ್ಡಡ್ಡ ಸರಿದು ಹಳ್ಳದ ದಂಡೆಯಲ್ಲಿ ಕುಕ್ಕರಿಸಿತು. ಗಾಲಿಯೊಳಗೆ ಗಾಳಿ ಬೇಕಾದಷ್ಟಿತ್ತು, ನೆಲದ ಮೇಲೆ ಹಿಡಿತ ಮಾತ್ರ ಇರಲಿಲ್ಲ. ಮಿರಗಕ್ಕೆ ಮೊದಲಿನ ಅಡ್ಡಮಳೆಗಳನ್ನೂ ಲೆಕ್ಕ ಹಿಡಿದರೆ ಇದು ಮೂರನೆಯ ಸಲ. ನಮ್ಮ ಮನೆಯ ಎತ್ತು ಹೊಡೆಯುವ ಹಣಮಂತಪ್ಪ ಹಗ್ಗ ಹೊತ್ತು ಬಂದ.

"ಸಣ್ಣ ಗೌಡ್ರ, ಇದರ ಹೊಟ್ಟ್ಯಾಗ ಮೂವತ್ತು ಕುದುರಿ ಅದಾವ ಅಂತ ಹೇಳತಿದ್ರಿ. ಮಕ್ಕೊಂಡಾವೇನ್ರಿ?"

"ಎದ್ದಾವ. ನಿನ್ನ ಎತ್ತು ನೋಡಿ ನಾಚಿಕೊಂಡಾವ" ಅಂದೆ.

ಊರ ಹೆಬ್ಬಾಗಿಲಾದ ಅಗಸಿಯಿಂದ ನಮ್ಮ ವಾಡೆಯ ತನಕ ಮೆರವಣಿಗೆ. ದೊಡ್ಡಪ್ಪ ಮುದಕಪ್ಪಗೌಡರು ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕಣ್ತುಂಬ ನೋಡಿದರು. ಅಪ್ಪ ತೀರಿದಾಗಿನಿಂದ ವಾಡೆಯಲ್ಲಿ ಅವರ ಮಾತೇ ಕಾಯಿದೆ.

"ಪುಣೇಕ್ಕ ಹೋಗಿ ಬಿ.ಎ. ಆಗಿ ಬಂದಿ. ನಮ್ಮ ಹಟ್ಟ್ಯಾಗಿನ ಕುರಿನೂ ಬ್ಯಾ ಅಂತಾವ, ಆದ್ರ ಒಂದೂ ಎತ್ತಿಗೆ ತ್ರಾಸ ಕೊಟ್ಟಿಲ್ಲ. ಕೇಳು ಉಳವಪ್ಪ. ಇನ್ನೊಮ್ಮೆ ಎತ್ತಿನ ಹೆಗಲು ಆ ಡಬ್ಬಿಗೆ ಹತ್ತಿತಂದ್ರ, ಡಬ್ಬಿ ತಿರುಗಿ ಮುಂಬೈಗೆ, ನೀ ಹತ್ತಿ ಅಂಗಡಿಗೆ."

ಹತ್ತಿ ಅಂಗಡಿಯ ತಕ್ಕಡಿ ಮುಂದೆ ಕುಳಿತು ಕೂದಲು ಹತ್ತಿಯಾಗುವ ತನಕ ಕಾಯುವುದು ನನ್ನಿಂದಾಗದು. ಕಿತ್ತೂರಿನಿಂದ ಬೈಲಹೊಂಗಲದ ಮೇಲೆ ಮುನವಳ್ಳಿಗೆ ನನ್ನ ಮೋಟಾರಿನಲ್ಲಿ ಟಪಾಲು ಹೋಗಬೇಕು. ಟಪಾಲಿನ ದೊಡ್ಡ ಸಾಹೇಬರ ಕಾಗದ ಮೇಜಿನ ಮೇಲಿದೆ: ಮಳೆಗಾಲದಲ್ಲಿ ಓಡಿಸಿ ತೋರಿಸಿ, ಜುಲೈ ಹದಿನೇಳಕ್ಕೆ ನಾನು ಮುನವಳ್ಳಿ ಬಂಗಲೆಯಲ್ಲಿ ಇರುತ್ತೇನೆ, ಹನ್ನೆರಡು ಗಂಟೆಯೊಳಗೆ ನಿಮ್ಮ ಕಾರು ಅಲ್ಲಿಗೆ ಬಂದರೆ ಟಪಾಲು ನಿಮ್ಮದು.

ಪಂಚಾಂಗ ನೋಡಿದೆ. ಹದಿನೇಳು ಸೋಮವಾರ! ಸೋಮವಾರ ಈ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ಬಿಡುವಿನ ದಿನ. ಅಂದಮೇಲೆ ಅಂದು ಕಾರು ಹೂತರೂ ಎಳೆಯಲು ಎತ್ತಿಲ್ಲ. ಎತ್ತಿಲ್ಲದೆ ದೊಡ್ಡಪ್ಪನ ಕರಾರು ಮುರಿಯುವ ಹಾಗೇ ಇಲ್ಲ. ತರ್ಕಶಾಸ್ತ್ರದಲ್ಲಿ ನನಗೆ ಮೊದಲ ದರ್ಜೆ ಸುಮ್ಮನೆ ಬಂದದ್ದಲ್ಲ. ಹಣಮಂತಪ್ಪನಿಗೆ ಇದನ್ನು ಬಿಡಿಸಿ ಹೇಳಿದೆ.

"ಹಂಗಾದ್ರ ಮಂಗಳವಾರ ತನಕಾ ರಾಡ್ಯಾಗ ಕುಂದರತೀರೇನ್ರಿ?" ಅಂದ. ತರ್ಕ ಓದದ ಮನುಷ್ಯ.

ಪುಣೆಯಲ್ಲಿ ಕೊಂಡ ಈ ಡೈರಿಯ ಪ್ರತಿ ಪುಟದ ಬುಡದಲ್ಲೂ 'ವಿಶೇಷ' ಎಂದು ಒಂದು ಗೆರೆ ಅಚ್ಚಾಗಿದೆ. ಖಾಲಿ ಬಿಡಲು ಮನಸ್ಸಾಗುವುದಿಲ್ಲ.

ವಿಶೇಷ: ಸೋಲುವುದಿಲ್ಲ.

೧೧ ಜೂನ್, ರವಿವಾರ

ಕಾರ ಹುಣ್ಣಿಮೆ. ಊರಿನ ಎತ್ತುಗಳಿಗೆಲ್ಲ ಮೈ ತೊಳೆದು ಕೋಡಿಗೆ ಬಣ್ಣ ಬಳಿದರು. ನಾನು ಎದ್ದು ಬರುವಷ್ಟರಲ್ಲಿ ಯಾರೋ ನನ್ನ ಕಾರಿನ ಎರಡೂ ದೀಪಗಳಿಗೆ ಗೊಂಡೆ ಕಟ್ಟಿ, ಮೂತಿಗೆ ಅರಿಶಿನ ಹಚ್ಚಿ, ಮುಂದೊಂದು ಹಿಡಿ ಕಣಕಿ ಮೇವು ಇಟ್ಟುಹೋಗಿದ್ದರು. ಕಾರಿಗೂ ಹುಣ್ಣಿಮೆ! ಈ ಶ್ಲೇಷೆ ನನಗೆ ಮೊದಲು ಹೊಳೆಯಬೇಕಿತ್ತು, ಬೇಸರ ಅಷ್ಟಕ್ಕೇ. ಗೊಂಡೆ ಬಿಚ್ಚಿಲ್ಲ. ಬಿಚ್ಚಿದರೆ ಅವರು ಗೆದ್ದಂತೆ.

ವಿಶೇಷ: ಕಣಕಿಯನ್ನು ಕಾರು ಮುಟ್ಟಲಿಲ್ಲ. ಹಸಿವಿಲ್ಲವೇನೋ.

೧೪ ಜೂನ್, ಬುಧವಾರ

ಮುಂಬೈಯಿಂದ ಟಾಯರುಗಳ ಪಟ್ಟಿ ಬಂತು. ಇಡೀ ದಿನ ಅದರದೇ ಪಾರಾಯಣ. ನುಣ್ಣನೆಯವು ಬೇಡ, ನನ್ನ ಕಾರಿನವು ನುಣ್ಣಗಿದ್ದೇ ನನ್ನನ್ನು ನುಣ್ಣಗೆ ಬೋಳಿಸಿವೆ. ಅಡ್ಡಗೆರೆಯವು ಅಷ್ಟಕ್ಕಷ್ಟೆ. ಆಮೇಲೆ ಕಣ್ಣಿಗೆ ಬಿತ್ತು ರತ್ನ: ಸುತ್ತಲೂ ಉಬ್ಬಕ್ಷರದಲ್ಲಿ 'ಜಾರುವುದಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡ ಟಾಯರು. ಓಡಿದಲ್ಲೆಲ್ಲ ನೆಲದ ಮೇಲೆ ಆ ಮಾತು ಮೂಡುತ್ತದಂತೆ, ಆ ಅಕ್ಷರಗಳ ಅಂಚೇ ನೆಲವನ್ನು ಕಚ್ಚುತ್ತದಂತೆ. ಓದಿದವನಿಗೆ ಓದು ಬಂದ ಟಾಯರೇ ತಕ್ಕದ್ದು. ಎರಡಕ್ಕೆ ಬರೆದು ಹಾಕಿದೆ.

ಅವ್ವ ಜೋಳ ಹಸನು ಮಾಡುತ್ತ ಕೇಳಿದಳು, "ಗಾಲಿ ಮ್ಯಾಲೆ ಏನಂತ ಬರದಾರಪಾ?"

"ಜಾರೂದಿಲ್ಲ ಅಂತ."

"ತಾನ ಬರಕೊಂಡ್ರ ಆತೇನು? ನೀನೂ ಹೆಸರಿನ ಬಾಜೂಕ ಬಿ.ಎ. ಅಂತ ಬರಕೊಂಡಿ. ಮೊನ್ನೆ ಹಳ್ಳದಾಗ ಬಿದ್ದಿ."

ನಮ್ಮ ಅವ್ವ ತಂಗೆವ್ವನವರು ಕಾಲೇಜಿಗೆ ಹೋಗಿದ್ದರೆ ನನಗೆ ಮೊದಲ ದರ್ಜೆ ಬರುತ್ತಿರಲಿಲ್ಲ.

೨೯ ಜೂನ್, ಗುರುವಾರ

ಟಾಯರು ಬಂದವು. ಧಾರವಾಡದ ತನಕ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ. ಇದನ್ನು ದೊಡ್ಡಪ್ಪ ಎರಡು ಸಲ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

ತಂದ ತಕ್ಷಣ ಮುಂದಿನ ಎರಡು ಗಾಲಿಗಳಿಗೆ ತೊಡಿಸಿದೆ. ಯಂತ್ರದ ಸರಪಳಿ ತಿರುಗಿಸುವುದು ಹಿಂದಿನ ಗಾಲಿಗಳನ್ನು ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಹುಟ್ಟಿದಾಗಿನಿಂದ ನೋಡಿದ ಗಾಡಿಯಲ್ಲೆಲ್ಲ ಎಳೆಯುವ ಜೀವ ಮುಂದೆ, ಹೇರು ಹಿಂದೆ. ಎತ್ತಿನ ಕಾಲಿಗೆ ಲಾಳ ಬಡಿಸುತ್ತೇವೆಯೇ ಹೊರತು ಗಾಡಿಯ ಹಿಂಬದಿಗಲ್ಲ. ಹಣಮಂತಪ್ಪನೂ "ಮುಂದ ಹಾಕ್ರಿ, ಮುಂದಿಂದು ಗಟ್ಟಿ ಇದ್ರ ಹಿಂದಿಂದು ಬರತೈತಿ" ಅಂದ. ಮೊದಲ ಸಲ ನಮ್ಮಿಬ್ಬರದೂ ಒಂದೇ ಮಾತಾಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುನವಳ್ಳಿ ದಾರಿಯಲ್ಲಿ ಒಂದು ಮೈಲಿ. ಮುಂದಿನ ಗಾಲಿಗಳು ನೆಟ್ಟಗೆ ನೋಡುತ್ತಿದ್ದವು. ಹಿಂದಿನವು ಆಷಾಢದ ಗಾಳಿಗೆ ಸಿಕ್ಕ ಪಟದ ಹಾಗೆ ಎಡಕ್ಕೆ ಬಲಕ್ಕೆ ಓಲಾಡಿ, ಕಡೆಗೆ ಹಿಂಬದಿಯೇ ಮುಂದಾಗಿ ಹೊಲಕ್ಕಿಳಿದೆವು. ಇಳಿದು ನೋಡಿದರೆ ದಾರಿಯುದ್ದಕ್ಕೂ, ಹೊಲದ ಬದುವಿನ ತನಕ, ಹಸಿ ಮಣ್ಣಿನ ಮೇಲೆ ಸ್ಫುಟವಾಗಿ ಅಚ್ಚಾಗಿತ್ತು: ಜಾರುವುದಿಲ್ಲ, ಜಾರುವುದಿಲ್ಲ, ಜಾರುವುದಿಲ್ಲ.

ಕರಾರು ಇರುವುದು ಎತ್ತಿಗೆ, ಮನುಷ್ಯರಿಗಲ್ಲ. ಹೊಲದಲ್ಲಿ ಎಡೆಕುಂಟೆ ಹೊಡೆಯುತ್ತಿದ್ದ ಎಂಟು ಮಂದಿ ನೂಕಿ ಮೇಲೆ ಹತ್ತಿಸಿದರು.

ವಿಶೇಷ: ಇಷ್ಟು ಸುಳ್ಳನ್ನು ಇಷ್ಟು ಅಂದವಾಗಿ ಅಚ್ಚು ಹಾಕಿದ್ದನ್ನು ಹಿಂದೆ ನೋಡಿಲ್ಲ.

೨ ಜುಲೈ, ರವಿವಾರ

ಹಿಂದಿನ ಗಾಲಿಗಳಿಗೆ ಬಾವಿಯ ಕಬ್ಬಿಣದ ಸರಪಳಿ ಸುತ್ತಿದೆ. ಒಂದೊಂದು ಕೊಂಡಿಗೂ ಎರೆ ಮಣ್ಣು ಮೆತ್ತಿ ಲಾಡು ಕಟ್ಟಿತು. ಲಾಡು ಬುಟ್ಟಿಯಾಯಿತು, ಬುಟ್ಟಿ ಗಾಲಿಯ ಮೇಲಿನ ತಗಡನ್ನು ಕಿತ್ತು ಒಗೆಯಿತು. ಇನ್ನು ಹದಿನೈದು ದಿನ.

ವಿಶೇಷ: ತಗಡು ಸಿಕ್ಕಿತು. ಬಾಗಿದೆ. ನಾನು ಬಾಗಿಲ್ಲ.

೪ ಜುಲೈ, ಮಂಗಳವಾರ

ಕೆರವಿನ ಉಂಗುಟ ಹರಿದಿತ್ತು. ಅಗಸಿಯ ಹೊರಗೆ ಕೇರಿಯ ಬೇವಿನ ಮರದ ಹತ್ತಿರ ಕಾರು ನಿಲ್ಲಿಸಿ, ವಾಡಿಕೆಯ ಹಾಗೆ ನಾಲ್ಕು ಮಾರು ದೂರದಿಂದ ಕೆರವನ್ನು ಎಸೆದೆ. ಕೆರವು ಹೊಲಿಯುವವ ಎತ್ತಿಕೊಂಡ. ಐವತ್ತರ ಹತ್ತಿರದ ಆಳು, ಹೆಸರು ಬಾಳು ಅಂತೆ. ಬಾವಿಯ ನೀರೆತ್ತುವ ತೊಗಲ ಚೀಲಗಳನ್ನೂ ಊರಿಗೆಲ್ಲ ಇವನೇ ಹೊಲಿಯುವುದು. ಹೊಲಿಯುತ್ತ ಹೊಲಿಯುತ್ತ ಕಣ್ಣು ನನ್ನ ಕಾರಿನ ಮೇಲೆಯೇ.

"ಧಣೇರ, ಈ ಗಾಡಿಗೆ ಕೆರಾ ಯಾರು ತೊಡಿಸ್ಯಾರ್ರಿ?"

"ಗಾಡಿಗೆ ಎಲ್ಲಿ ಕೆರಾನೋ?"

"ಗಾಲಿ ಮ್ಯಾಗಿಂದು. ಆ ಕರೇದು."

"ಅದಕ್ಕ ಟಾಯರು ಅಂತಾರ. ಪರದೇಶದ್ದು."

"ಯಾವ ದೇಶದ್ದರ ಇರಲಿ ಬಿಡ್ರಿ. ತಪ್ಪು ಕಾಲಿಗೆ ತೊಡಿಸ್ಯಾರ."

ಹತ್ತಿರ ಬರಲಿಲ್ಲ, ಕೂತಲ್ಲಿಂದಲೇ ಉಳಿ ತೋರಿಸಿ ಹೇಳಿದ: "ಮುಂದಿನ ಎರಡು ನೋಡ್ರಿ, ನಿನ್ನೆ ಹೊಲಿದಂಗ ಅದಾವ. ಹಿಂದಿನವು ತಿಕ್ಕಿ ತಿಕ್ಕಿ ಹಪ್ಪಳಾಗ್ಯಾವ. ಮಂದಿ ಹರಕ ಕೆರಾ ತರತಾರಲ್ರಿ, ಎಡಗಡೆದು ಸವದಿದ್ರ ಈತ ಎಡಗಾಲ ಊರತಾನ ಅಂತ ಮುಖಾ ನೋಡದಽ ಹೇಳತೇನಿ. ನಿಮ್ಮ ಗಾಡಿ ಹಿಂಗಾಲ ಊರಿ ನೂಕತೈತಿ. ಮುಂದಿನವು ಬರೇ ದಾರಿ ನೋಡತಾವ."

"ಮೋಟಾರಿನ ವಿಚಾರ ನಿನಗೇನ ಗೊತ್ತೋ?"

"ಏನೂ ಗೊತ್ತಿಲ್ರಿ. ಕಾಲಿನ ವಿಚಾರ ಗೊತ್ತೈತಿ."

ಸಿಟ್ಟು ಬಂತು. ನಾಲ್ಕು ವರ್ಷ ಕಾಲೇಜಿನ ಅನ್ನ ಉಂಡವನಿಗೆ ಕೆರವಿನವನ ಪಾಠ! ಬಿಸಿಲಿಗೆ ಗಂಟಲು ಬೇರೆ ಒಣಗಿತ್ತು. ಅವನ ಹೆಂಡತಿ ಕೃಷ್ಣವ್ವ ಎಂಬಾಕೆ ಗುಡಿಸಲ ಮುಂದೆ ಕೊಡ ಇಳಿಸುತ್ತಿದ್ದಳು. ಮನೆಗೆ ಬಂದು ನೀರು ಕುಡಿದೆ.

೬ ಜುಲೈ, ಗುರುವಾರ

ಮುಂದಿನ ಟಾಯರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದೆ. ಅವನ ಮಾತಿಗಲ್ಲ, ಪ್ರಯೋಗಕ್ಕೆ. ಹಳ್ಳ ದಾಟಿತು! ಅದರಾಚೆಗೂ ಎರಡು ಮೈಲಿ ಓಡಿತು. ಆಮೇಲೆ ಎರೆ ಮಣ್ಣು ಅಕ್ಷರಗಳ ಸಂದಿಯಲ್ಲೆಲ್ಲ ತುಂಬಿ, ಟಾಯರು ಓದಿದ್ದನ್ನು ಪೂರ್ತಿ ಮರೆತು ಮತ್ತೆ ನುಣ್ಣಗಾಯಿತು. ಕೆರೆಯುತ್ತ ಕೆರೆಯುತ್ತ ತಿರುಗಿ ಬಂದೆ. ಬರುವಾಗ ದಾರಿಯಲ್ಲೇ ಕೇರಿ ಇತ್ತು. ಆದ್ದರಿಂದ ನಿಲ್ಲಿಸಿದೆ.

ಬಾಳು ಈ ಸಲ ಎದ್ದು ಬಂದು ಟಾಯರಿನ ಮಣ್ಣನ್ನು ಉಗುರಿನಿಂದ ಕೀಸಿ ನೋಡಿದ.

"ಹಲ್ಲು ಸಣ್ಣವು, ಭಾಳ ಒತ್ತಾಗ್ಯಾವ. ಎರಿ ಮಣ್ಣಿಗೆ ಬರಾಕ ದಾರಿ ಬಿಟ್ಟಂಗ ಹೋಗಾಕೂ ಬಿಡಬೇಕಲ್ರಿ? ಹೊಲಕ್ಕ ಹೋಗೋರ ಕೆರಕ್ಕ ನಾ ಮೊಳಿ ದೂರ ದೂರ ಬಡೀತೇನಿ. ಹೆಜ್ಜಿ ಎತ್ತಿದ ಕೂಡ್ಲೆ ಮಣ್ಣ ತಾನಽ ಉದರತೈತಿ."

ಗಾಲಿಗೂ ಅಂಥದೇ ಕೆರವು ತೊಡಿಸುವುದು ಅವನ ಉಪಾಯ: ಬಾವಿಯ ಚೀಲದ ದಪ್ಪ ತೊಗಲು ಎರಡು ಪದರು. ನಡುವೆ ಮೊಳೆಯ ತುದಿ ಮಡಚಿ ಬಡಿಯುವುದು, ಒಳಗಿನ ರಬ್ಬರಿಗೆ ಚುಚ್ಚಬಾರದು. ಹೊರಗೆ ಬರೀ ದಪ್ಪ ತಲೆಗಳು, ಬೆರಳು ಬೆರಳು ಅಗಲ ಬಿಟ್ಟು. ಟಾಯರಿನ ಗಾಳಿ ಇಳಿಸಿ, ತೊಗಲನ್ನು ನೆನೆಸಿ ತೊಡಿಸಿ, ಗಾಲಿಯ ಕಟ್ಟಿಗೆಯ ಕಡ್ಡಿಗಳಿಗೆ ಬಾರಿನಿಂದ ಬಿಗಿದು, ಆಮೇಲೆ ಗಾಳಿ ತುಂಬುವುದು. ಒಣಗಿದ ಮೇಲೆ ಕಲ್ಲಿನಂತೆ ಕಚ್ಚುತ್ತದಂತೆ. ಹೇಳುತ್ತಲೇ ದಾರ ತಗೊಂಡು, ಸಾಹೇಬರ ಬೂಟಿಗೆ ಅಳತೆ ಹಿಡಿಯುವ ಹಾಗೆ, ಮೊಣಕಾಲೂರಿ ಗಾಲಿಯ ಅಳತೆ ಹಿಡಿದ.

"ಮಳೆಗೆ ಮೊಳೆಯೇ ಮದ್ದು ಅನ್ನು" ಅಂದೆ.

ನಗಲಿಲ್ಲ. "ಎರಡು ಗಾಲಿಗೆ ಸಾಕ್ರಿ, ಹಿಂದಿನವಕ್ಕ" ಅಂದ. ಒಳ್ಳೆಯ ಮಾತನ್ನು ಹೀಗೆ ವ್ಯರ್ಥಮಾಡುವ ಮನುಷ್ಯನನ್ನು ಕಂಡಿರಲಿಲ್ಲ.

೧೧ ಜುಲೈ, ಮಂಗಳವಾರ

ಹಿಂದಿನ ಗಾಲಿಗಳಿಗೆ ತೊಗಲಿನ ಕೆರವು ಏರಿತು. ಏನು ಹಿಡಿತ! ಹಳ್ಳ ದಾಟಿದೆ, ದಿಬ್ಬ ಹತ್ತಿದೆ, ಬೇಕೆಂದೇ ಕೆಸರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದೆ. ಹೆಜ್ಜೆಹೆಜ್ಜೆಗೆ ಮಣ್ಣು ಹಿಂದಕ್ಕೆ ಹಾರುತ್ತಿತ್ತು, ತೊಗಲು ಕಚ್ಚುತ್ತಿತ್ತು. ಸಡಿಲಾದ ಮೊಳೆ ಬಡಿಯಲು ಬಾಳು ಹಿಂದಿನ ಗಾದಿಯಲ್ಲಿದ್ದ. ಗಾದಿಯ ಮೇಲಲ್ಲ, ಗಾದಿಯ ಮುಂದೆ, ಕೆಳಗೆ. ಗಾಡಿ ಯಾವ ಕಡೆ ಜಾರಿದರೆ ಆ ಕಡೆ ಸರಿದು ಮೈಭಾರ ಹಾಕುತ್ತಿದ್ದ. "ಹೊಲದಾಗ ಕಾಲ ಜಾರಿದ್ರ ಮೈ ತಾನಽ ವಾಲತೈತಲ್ರಿ, ಹಂಗ" ಅಂದ.

ಊರು ಬಂತು. ಅಗಸಿಯ ಹೊರಗೆ ಬಾಳು ಇಳಿದ. ಕೆರವು ಬಿಚ್ಚಿ ಕೈಯಲ್ಲಿ ಹಿಡಿದು, ಬಳಸು ದಾರಿಯಿಂದ ಕೇರಿಗೆ ನಡೆದ. ಅವನ ಮಂದಿ ಅಗಸಿಯೊಳಗೆ ಗಾಡಿ ಹತ್ತಿ ಬರುವಂತಿಲ್ಲ, ಕೆರವು ಮೆಟ್ಟಿ ನಡೆಯುವಂತಿಲ್ಲ. ಊರಿಗೆಲ್ಲ ಕೆರವು ಹೊಲಿಯುವವ ಊರೊಳಗೆ ಬರಿಗಾಲಲ್ಲಿ. ಇಷ್ಟು ದಿನ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬೀಳುವಂಥ ಸಂಗತಿಯೇನೂ ಅಲ್ಲ ಬಿಡಿ.

ಅಗಸಿ ಹೊಕ್ಕು ನೂರು ಹೆಜ್ಜೆ. ನಮ್ಮ ವಾಡೆಯ ಎದುರಿನ ಏರಿನಲ್ಲಿ ಎಡಗಾಲಿ ಗರ್ರನೆ ತಿರುಗಿತು, ಹಿಂಬದಿ ಹೊರಳಿತು, ಗಟಾರದಲ್ಲಿ ನಿಂತೆ. ಕಟ್ಟೆಯ ಮೇಲೆ ದೊಡ್ಡಪ್ಪ.

"ಹಣಮಂತಪ್ಪ, ಎತ್ತು ತಾರೋ!" ಎಂದು ಕೂಗಿದರು, ಬಾಯಿತುಂಬ ಸಕ್ಕರೆ ಹಾಕಿಕೊಂಡು.

"ಬ್ಯಾಡ! ಮುಟ್ಟಿದ್ರ ನೋಡು!" ಎಂದು ನಾನೇ ಇಳಿದು ನೂಕಿದೆ. ದಾರಿಯವರು ಕೈ ಹಚ್ಚಿದರು.

ಹೊರಗೆ ಹಿಡಿದ ಟಾಯರು ಒಳಗೆ ಯಾಕೆ ಜಾರಿತು?

೧೩ ಜುಲೈ, ಗುರುವಾರ

ಕಾರಣ ತೂಕ. ಹಿಂದಿನ ಗಾಲಿಯ ಮೇಲೆ ಭಾರವಿದ್ದರೇ ಮೊಳೆ ನೆಲಕ್ಕೆ ಇಳಿಯುತ್ತದೆ. ಹತ್ತಿಕಾಳಿನ ಎರಡು ಚೀಲ ಹಿಂದೆ ಹೇರಿ ಅದೇ ಏರು ಹತ್ತಿಸಿದೆ. ಅರ್ಧ ಹತ್ತಿ ಎಡಕ್ಕೆ ಜಾರಿತು. ಚೀಲಗಳು ಇದ್ದಲ್ಲೇ ಇದ್ದವು, ದೊಡ್ಡಪ್ಪನ ಹಾಗೆ. ಬಾಳು ಆಗಿದ್ದರೆ ಎಡಕ್ಕೆ ಸರಿಯುತ್ತಿದ್ದ.

ಹದಿನೇಳರ ದಾರಿಯಲ್ಲಿ ಎರಡು ಹಳ್ಳಿ, ಕಡೆಗೆ ಮುನವಳ್ಳಿಯ ಅಗಸಿ. ಒಂದೊಂದು ಊರಿನ ಬಾಯಲ್ಲೂ ಬಾಳು ಇಳಿದರೆ ಒಂದೊಂದು ಊರಿನ ಬಾಯಲ್ಲೂ ನಾನು ಗಟಾರದಲ್ಲಿ. ಹಾಗಾದರೆ ಇಳಿಯಬಾರದು. ಇದು ಪೂರ್ತಿ ತೂಕದ ಲೆಕ್ಕ, ಬೇರೇನೂ ಇಲ್ಲ.

೧೫ ಜುಲೈ, ಶನಿವಾರ

ಸುದ್ದಿ ದೊಡ್ಡಪ್ಪನ ಕಿವಿಗೆ ಹೋಯಿತು.

"ಕೇರಿ ಆಳನ್ನ ಹಿಂದಿನ ಗಾದಿ ಮ್ಯಾಲೆ ಕುಂದರಿಸಿಕೊಂಡು, ನೀ ಮುಂದ ಕುಂತು ಗಾಡಿ ಹೊಡಿಯಾವ. ಅಲ್ಲೋ, ಯಾರು ಧಣಿ, ಯಾರು ಆಳು ಅಂತ ನೋಡಿದವ್ರು ಹೆಂಗ ತಿಳಕೋಬೇಕು?"

"ಗಾಲಿಗೆ ತೂಕ ಬೇಕು ದೊಡ್ಡಪ್ಪ."

"ನಾ ಬರತೇನಿ. ನನ್ನ ತೂಕ ಸಾಲೂದಿಲ್ಲೇನು?"

"ನಿಮ್ಮ ತೂಕ ಭಾಳ ಐತ್ರಿ. ಸರಿಯೂದಿಲ್ಲ ಅಷ್ಟ."

ಬಾಯಿಂದ ಬಂದುಬಿಟ್ಟಿತು. ಒಳ್ಳೆಯ ಮಾತು, ಹಿಂದಕ್ಕೆ ತಗೊಳ್ಳಲಾರೆ. ಅವರು ಎದ್ದು ನಿಂತರು.

"ಆ ಆಳನ್ನ ಕುಂದರಿಸಿದ ಗಾಡಿ ಈ ವಾಡೇದಾಗ ಬರೂದಿಲ್ಲ. ಅವನಿಗೂ ಊರಾಗಿನ ಒಂದ ಕೆರಾ, ಒಂದ ಚೀಲಾ ಹೊಲಿಗಿಗೆ ಹೋಗೂದಿಲ್ಲ. ಹೇಳು ಹೋಗು."

೧೬ ಜುಲೈ, ರವಿವಾರ

ಹೇಳಲು ಹೋದೆ. ಬಾಳು ತಲೆ ತಗ್ಗಿಸಿ ಬಾರು ಸೀಳುತ್ತಿದ್ದ. ಉತ್ತರ ಕೊಟ್ಟದ್ದು ಕೃಷ್ಣವ್ವ.

"ಯಪ್ಪಾ, ನಿಮ್ಮ ಗಾಡಿ ಜಾರಿದ್ರ ನೀವು ಹತ್ತಿ ಅಂಗಡ್ಯಾಗ ಹೋಗಿ ಬೀಳತೀರಿ, ಮೆತ್ತಗ ಇರತೈತಿ. ನಾವು ಜಾರಿದ್ರ ಎಲ್ಲಿ ಬೀಳೂನ್ರಿ?"

ಹತ್ತಿಯ ಮೇಲೆ ಇಷ್ಟು ಮಾತು ಆಡಿದ ನನಗೆ ಇದು ಹೊಳೆದಿರಲಿಲ್ಲ. "ಬ್ಯಾಡಾದ್ರ ಬ್ಯಾಡ. ನಾ ಒಬ್ನ ಹೋಗತೇನಿ. ಜಾರಿದ್ರ ನನ್ನ ಹಣೇಬಾರ" ಅಂದು ಎದ್ದೆ. ಬೇವಿನ ಬೇರಿನ ಮೇಲೆ ಕುಳಿತಿದ್ದೆನೆಂದು ಏಳುವಾಗ ಗೊತ್ತಾಯಿತು.

ಬಾಳು ಉಳಿ ಕೆಳಗಿಟ್ಟ. "ಜಾರಿದ್ರ ಮಂದಿ ಏನಂತಾರ್ರಿ? ಗೌಡರ ಮಗಾ ಜಾರಿದ ಅನ್ನೂದಿಲ್ಲ. ಬಾಳೂನ ಕೆರಾ ಜಾರಿತು ಅಂತಾರ. ಮೂವತ್ತು ವರ್ಷದಾಗ ನನ್ನ ಹೊಲಿಗಿ ಜಾರಿಲ್ಲ."

"ಹಂಗಾದ್ರ?"

"ಬರತೇನ್ರಿ. ಆದ್ರ ಒಂದ ಮಾತು. ಇಳಿಯೂದಿಲ್ಲ ಅಂದ್ರ ಎಲ್ಲೂ ಇಳಿಯೂದಿಲ್ಲ. ಹೋಗಾಗೂ, ಬರಾಗೂ. ನಿಮ್ಮ ವಾಡೇದ ಮುಂದೂ. ಕೆರಾ ಕಾಲಾಗ ಇರತಾವ."

ಕೃಷ್ಣವ್ವ ಗಂಡನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಅವನ ಕೆರವು ತಂದು ಎಣ್ಣೆ ಹಚ್ಚತೊಡಗಿದಳು.

೧೭ ಜುಲೈ, ಸೋಮವಾರ

ಎಲ್ಲ ಬರೆಯಬೇಕು. ಕೈ ಇನ್ನೂ ಚಕ್ರ ಹಿಡಿದ ಹಾಗೆಯೇ ಇದೆ.

ಬೆಳಿಗ್ಗೆ ಎಂಟಕ್ಕೆ ಬೇವಿನ ಮರದಿಂದ ಹೊರಟೆವು. ರಾತ್ರಿ ಬಿದ್ದ ಮಳೆಗೆ ದಾರಿಯೆಲ್ಲ ಕಲಸಿದ ಹಿಟ್ಟು. ಹಳ್ಳದಲ್ಲಿ ಹಣಮಂತಪ್ಪ, ನೊಗವಿಲ್ಲದ ಎರಡು ಎತ್ತುಗಳನ್ನು ಮೇಯಲು ಬಿಟ್ಟು ಕಲ್ಲಿನ ಮೇಲೆ ಕುಳಿತಿದ್ದ.

"ಇವತ್ತ ಸೋಮವಾರರಿ. ನಾ ಬರೇ ನೋಡಾಕ ಬಂದೇನಿ!" ಅಂದ. ಆಮೇಲೆ ಹಿಂದೆ ನೋಡಿ, "ಏ ಬಾಳ್ಯಾ! ಗಾದಿ ಮ್ಯಾಲೆ ಕುಂತಿ?"

"ಕುಂತಿಲ್ರಿ, ದುಡ್ಯಾಕ ಹತ್ತೇನ್ರಿ!" ಎಂದು ಬಾಳು ಕೂಗಿ ಬಲಕ್ಕೆ ಸರಿದ. ಗಾಡಿ ಮೂಗು ಎತ್ತಿ ದಂಡೆ ಹತ್ತಿತು. ಹಣಮಂತಪ್ಪನ ಧೋತರದ ಮೇಲೆ ಅರ್ಧ ಹಳ್ಳ.

ಮೊದಲನೆಯ ಹಳ್ಳಿಯ ಬಾಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದವು, ಮನುಷ್ಯರಿಗೆ ಬಾಯಿ ತೆರೆಯಲು ಪುರುಸೊತ್ತಾಗಲಿಲ್ಲ. ಎರಡನೆಯದರಲ್ಲಿ ಒಂದು ಕಲ್ಲು ಬಂದು ತಗಡಿಗೆ ಬಡಿಯಿತು. ಎಸೆದವನ ಗುರಿ ತಗಡಾಗಿರಲಿಲ್ಲ. ಬಾಳು ಬಗ್ಗಲಿಲ್ಲ. ನಡುದಾರಿಯಲ್ಲಿ ಎರಡು ಸಲ ನಿಲ್ಲಿಸಿ ಮೊಳೆ ಬಡಿದ. ಹನ್ನೊಂದೂವರೆಗೆ ಮುನವಳ್ಳಿ ಕಂಡಿತು.

ಮುನವಳ್ಳಿಯ ಅಗಸಿಗೆ ಒಂದು ಏರಿದೆ. ನೀರು ಹರಿದು ಹರಿದು ಬೆಣ್ಣೆ ಸವರಿದ ಹಾಗಿತ್ತು. ಎರಡೂ ಬದಿ ಕಟ್ಟೆಯ ಮೇಲೆ ಸೋಮವಾರದ ಬಿಡುವಿನ ಜನ. ಊರ ಹಿರಿಯನೊಬ್ಬ ಕೋಲು ಎತ್ತಿ ಅಡ್ಡ ನಿಂತ.

"ಗಾಡಿ ಹೋಗಲಿ. ಹಿಂದಿನವ ಇಳೀಲಿ."

ನಿಲ್ಲಿಸಿದೆ. ಹಿಂದೆ ಬಾಗಿಲ ಚಿಲಕದ ಸದ್ದಾಯಿತು. ಬಾಳುವಿನ ಕೈ ತಾನಾಗಿಯೇ ಅಲ್ಲಿಗೆ ಹೋಗಿತ್ತು, ಐವತ್ತು ವರ್ಷದ ರೂಢಿ. ಅವನು ಇಳಿದರೆ ಏರು ಹತ್ತುವುದಿಲ್ಲ. ಹತ್ತದಿದ್ದರೆ ಹನ್ನೆರಡು ಹೊಡೆಯುತ್ತದೆ, ಟಪಾಲಿಲ್ಲ, ಕಾರಿಲ್ಲ. ಇದೆಲ್ಲ ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ನನ್ನ ಬಾಯಿಂದ ಬಂದದ್ದು ಒಂದೇ:

"ಕುಂದ್ರು ಬಾಳಪ್ಪ."

ಅವನು ನನ್ನ ಕಡೆ ನೋಡಲಿಲ್ಲ. ಕೋಲಿನವನನ್ನೇ ನೋಡುತ್ತ ಚಿಲಕ ಬಿಟ್ಟ. ಎದ್ದು, ಗಾದಿಯ ಮೇಲೆ, ಮೊದಲ ಸಲ, ನೆಟ್ಟಗೆ ಕುಳಿತ. ಎಣ್ಣೆ ಹಚ್ಚಿದ ಎರಡೂ ಕೆರವುಗಳನ್ನು ಕಾರಿನ ನೆಲಕ್ಕೆ ಧಪ್ಪೆಂದು ಊರಿದ.

"ಹೊಡೀರಿ" ಅಂದ.

ಹೊಡೆದೆ. ಕೋಲಿನವ ಹಾರಿ ಕಟ್ಟೆ ಸೇರಿದ. ಅರ್ಧ ಏರಿನಲ್ಲಿ ಹಿಂಬದಿ ಎಡಕ್ಕೆ ಹೊರಳಿತು, ಬಾಳಪ್ಪ ಎಡಕ್ಕೆ ಬಿದ್ದ, ಮೊಳೆಗಳು ಕಚ್ಚಿದವು. ಬಲಕ್ಕೆ ಹೊರಳಿತು, ಬಲಕ್ಕೆ ಬಿದ್ದ. ಅಗಸಿಯ ಕಮಾನಿನ ಕೆಳಗೆ ಮೂವತ್ತು ಕುದುರೆಗಳೂ ಒಟ್ಟಿಗೆ ಕೂಗಿದ್ದನ್ನು ನಾನು ಕೇಳಿದೆ. ಹಿಂದೆ ಒಬ್ಬ ಮನುಷ್ಯ ನಗುವುದನ್ನೂ ಕೇಳಿದೆ. ನನ್ನ ಯಾವ ಚಾಟೂಕ್ತಿಗೂ ನಗದವನು!

ಬಂಗಲೆಗೆ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ವಾರದಿಂದ ಇಂಗ್ಲಿಷಿನಲ್ಲಿ ಒಂದು ಭಾಷಣ ಬಾಯಿಪಾಠ ಮಾಡಿದ್ದೆ. ಸಾಹೇಬರು ಮೆಟ್ಟಿಲಿಳಿದು ಬಂದು ನನ್ನ ಪಕ್ಕದಿಂದ ನೇರ ಹಿಂದಿನ ಗಾದಿಯ ಹತ್ತಿರ ಹೋಗಿ, ಟೋಪಿ ಮುಟ್ಟಿ ಬಾಳಪ್ಪನಿಗೆ ನಮಸ್ಕಾರ ಹೇಳಿದರು. ನನಗೆ, "ಡ್ರೈವರ್, ಗಾಡಿ ನೆರಳಿಗೆ ಹಾಕು." ಅವರ ಸೀಮೆಯಲ್ಲಿ ಧಣಿ ಹಿಂದೆ ಕೂಡುತ್ತಾನೆ. ದೊಡ್ಡಪ್ಪ ಹೆದರಿದ್ದು ಇದಕ್ಕೇ.

ಆಮೇಲೆ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತಮಗೆ ಬರುವ ಅರ್ಧ ಕನ್ನಡದಲ್ಲಿ, "ಭಾಳ ಚಲೋ ಟಾಯರ್. ಯಾವ ಕಂಪನಿ?"

ಬಾಳಪ್ಪ ಇಳಿದು ನಿಂತ. "ಕಂಪನಿ ಇಲ್ರಿ ಸಾಹೇಬ್ರ. ಗಾಡಿ ಅವರದು. ಟಾಯರು ನಂದು."

ಇಬ್ಬರೂ ಅದರ ಮುಂದೆ ಅರ್ಧ ಗಂಟೆ ಮಾತಾಡಿದರು. ನಾನು ನೆರಳಿನಲ್ಲಿದ್ದೆ. ಕಾಗದಕ್ಕೆ ರುಜು ಬಿತ್ತು.

ಬರುವಾಗ ಹೇಳಿದ ಮಾತಿನ ಹಾಗೆ ಬೈಲಹೊಂಗಲದ ಅಗಸಿ ಹೊಕ್ಕು, ಪೇಟೆಯ ನಡುವೆ, ವಾಡೆಯ ಮುಂದಿನ ಏರು ಹತ್ತಿ ಬಂದೆವು. ಕಟ್ಟೆಯ ಮೇಲೆ ದೊಡ್ಡಪ್ಪ. ಗಾಡಿ ಜಾರಲಿಲ್ಲ.

ವಿಶೇಷ: ಇಂಗ್ಲಿಷ್ ಭಾಷಣ ಹಾಗೇ ಉಳಿದಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

೧೮ ಜುಲೈ, ಮಂಗಳವಾರ

"ಕರಾರು ಕರಾರು. ಎತ್ತು ಹತ್ತಲಿಲ್ಲ, ಗಾಡಿ ನಿಂದ" ಎಂದರು ದೊಡ್ಡಪ್ಪ. "ಗಾದಿಗೆ ಸಗಣಿ ನೀರು ಹೊಡಿಸಿ, ತೊಳಿಸಿ, ಒಳಗ ತಂದು ನಿಲ್ಲಿಸು."

"ತೊಳಿಯೂದಿಲ್ರಿ."

"ಯಾಕ?"

"ತೊಗಲಿಗೆ ನೀರು ಹೆಚ್ಚಾದ್ರ ಮೊಳಿ ಸಡ್ಲಾಗತಾವ."

ಗಾದಿಗೂ ಮೊಳೆಗೂ ಸಂಬಂಧವಿಲ್ಲವೆಂದು ಅವರಿಗೂ ಗೊತ್ತು.

ಕಾರು ಈಗ ಅಗಸಿಯ ಹೊರಗೆ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಟಾಯರಿನ ಕೆಲಸಕ್ಕೆ ಅಲ್ಲೇ ಅನುಕೂಲ, ಬೇರೆ ಕಾರಣವಿಲ್ಲ. ಹೊರಡುವಾಗ ಅವ್ವ ರೊಟ್ಟಿ ಗಂಟು ಕೈಯಲ್ಲಿಟ್ಟಳು. ಭಾರವಿತ್ತು. "ಇಷ್ಟ್ಯಾಕವ್ವ?" ಅಂದೆ. "ಗಾಡಿಗೆ ತೂಕ ಬೇಕಂತಲ್ಲೋ. ಇಬ್ಬರೂ ಉಣ್ರಿ" ಅಂದಳು.

೭ ಆಗಸ್ಟ್, ಸೋಮವಾರ

ಟಪಾಲು ಶುರುವಾಗಿ ವಾರ. ಎರಡೂ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಬಾಳಪ್ಪ ಚೀಲಗಳ ನಡುವೆ ಗಾದಿಯ ಮೇಲೆ. ಮುನವಳ್ಳಿಯ ಕೋಲಿನ ಹಿರಿಯ ಇಂದೂ ಮುಖ ತಿರುವಿಕೊಂಡ, ಆದರೆ ತನ್ನ ಕಾಗದ ಬಂದಿದೆಯೇ ಎಂದು ಗೋಡೆಯ ಕಡೆ ನೋಡುತ್ತ ಕೇಳಿದ. ಬಂದಿಲ್ಲ ಎಂದು ಗೋಡೆಗೆ ಹೇಳಿದೆ.

ದೊಡ್ಡಪ್ಪನ ಮಾತಿಗೆ ಊರು ಎರಡು ವಾರ ಕೇರಿಗೆ ಹೊಲಿಗೆ ಕಳಿಸಲಿಲ್ಲ. ಬೇರೆ ಕಡೆ ಹೊಲಿಸಿದ ಕೆರವುಗಳು ಎರೆ ಮಣ್ಣಿನಲ್ಲಿ ಉಳಿದವು, ಕಾಲುಗಳು ಮಾತ್ರ ಮನೆಗೆ ಬಂದವು. ಈ ವಾರ ಒಂದೊಂದಾಗಿ ಬರುತ್ತಿವೆ. ನಿನ್ನೆ ಹಣಮಂತಪ್ಪ ಒಂದು ಜೊತೆಯನ್ನು ಅರಿವೆಯಲ್ಲಿ ಸುತ್ತಿ ತಂದು ಇಟ್ಟುಹೋದ. ಯಾರದೆಂದು ಹೇಳಲಿಲ್ಲ. ದೊಡ್ಡಪ್ಪನ ಪಾದದ ಅಳತೆ ಊರಿಗೇ ಗೊತ್ತು.

"ಯಾವಾಗ ಹೊಲೀತಿ?" ಅಂದೆ.

"ಟಪಾಲಿನ ಟಾಯರು ಮೊದಲು. ಸರತಿಗೆ ಬರಲಿ" ಅಂದ ಬಾಳಪ್ಪ.

ಇವತ್ತು ನನ್ನ ಬಲಗಾಲಿನ ಕೆರವಿನ ಉಂಗುಟ ಮತ್ತೆ ಹರಿದಿತ್ತು. ಕೆರವನ್ನು ಅವನ ಕೈಗೆ ಕೊಟ್ಟು, ಅಂಗಳದಲ್ಲಿ ಕುಳಿತು ಹೊಲಿಸಿಕೊಂಡೆ. ನಾನು ಬಲಗಾಲು ಊರುತ್ತೇನಂತೆ. ಬಿಸಿಲು ಜೋರಿತ್ತು. ಕೃಷ್ಣವ್ವ ತಂಬಿಗೆ ತಂದಳು. ನೀರು ಕುಡಿದು, ರೊಟ್ಟಿ ಗಂಟು ಬಿಚ್ಚಿ ಉಂಡು, ಮೂರು ಗಂಟೆಗೆ ಕಿತ್ತೂರಿಗೆ ಹೊರಟೆವು.

ವಿಶೇಷ: ಏನೂ ಇಲ್ಲ.